ಡ್ರೋನ್ ಕಟ್ಟುವ ತಮ್ಮಂದಿರಿಗೆ, ವೈಂಡಿಂಗ್ ಅಂಗಡಿಯಿಂದ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಡ್ರೋನ್ ಕಟ್ಟುವ, ರಿಪೇರಿ ಮಾಡುವ, ಹಾರಿಸುವ ತಮ್ಮಂದಿರೇ, ತಂಗಿಯರೇ,

ನನ್ನ ಅಂಗಡಿಯ ಗೋಡೆಗೆ ಒಂದು ಮೊಳೆ ಹೊಡೆದು ಅದಕ್ಕೊಂದು ಸುಟ್ಟ ಇಎಸ್‌ಸಿ ನೇತುಹಾಕಿದ್ದೇನೆ. ಅಂಗೈಯಗಲದ ವಸ್ತು. ಒಂದು ಮಗ್ಗುಲು ಕಪ್ಪು ಹಿಡಿದಿದೆ, ಕರಗಿದ ಪ್ಲಾಸ್ಟಿಕ್ಕು ಮೇಣದ ಹಾಗೆ ಇಳಿದು ಗಟ್ಟಿಯಾಗಿದೆ. ಸುಟ್ಟ ಪಂಪ್‌ಸೆಟ್ಟು ಹೊತ್ತು ತರುವ ರೈತರು ಅದನ್ನು ನೋಡಿ 'ಇದೇನ್ರಿ ಕಾಕಾ?' ಅನ್ನುತ್ತಾರೆ. ಡ್ರೋನಿನ ಮೋಟಾರಿಗೆ ಎಷ್ಟು ಕರೆಂಟು ಕೊಡಬೇಕು, ಯಾವಾಗ ಕೊಡಬೇಕು ಅಂತ ತೀರ್ಮಾನಿಸುವ ಪೆಟ್ಟಿಗೆ ಇದು ಅಂತ ಹೇಳುತ್ತೇನೆ. ಅವರಿಗೆ ಅಷ್ಟು ಸಾಕು. ನಿಮಗೆ ಅಷ್ಟು ಸಾಲದು. ಅದಕ್ಕೇ ಈ ಪತ್ರ.

ಮೂರು ದಶಕದಿಂದ ರಾಣೆಬೆನ್ನೂರಿನಲ್ಲಿ ಮೋಟಾರು ಸುತ್ತುತ್ತಿದ್ದೇನೆ. ತಾಮ್ರದ ತಂತಿ, ವಾರ್ನಿಶ್ಶು, ಸ್ಟಾರ್ಟರು, ಕಂಡೆನ್ಸರು, ಇವುಗಳ ನಡುವೆಯೇ ತಲೆ ನರೆತಿದೆ. ಈಚಿನ ನಾಲ್ಕೈದು ವರ್ಷದಿಂದ ನಿಮ್ಮಂಥ ಹುಡುಗರು ಡ್ರೋನಿನ ಮೋಟಾರು ಹಿಡಿದು ಬರತೊಡಗಿದಿರಿ. ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಐಟಿಐ ಮುಗಿಸಿದವರು, ಬಾಡಿಗೆಗೆ ಹೊಲಗಳಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದು ಸಂಸಾರ ನಡೆಸುವವರು. ಬಂದವರಲ್ಲಿ ಹತ್ತಕ್ಕೆ ಎಂಟು ಮಂದಿ ಮೋಟಾರಿನ ಬಗ್ಗೆ ಮಾತಾಡುತ್ತೀರಿ, ಬ್ಯಾಟರಿಯ ಬಗ್ಗೆ ಜಗಳವನ್ನೇ ಆಡುತ್ತೀರಿ, ಕ್ಯಾಮೆರಾದ ಬಗ್ಗೆ ಕನಸು ಕಾಣುತ್ತೀರಿ. ಇಎಸ್‌ಸಿ ಯಾವುದು ಹಾಕಿದ್ದೀಯಪ್ಪಾ ಅಂದರೆ, 'ಎಂಬತ್ತು ಆಂಪಿಯರಿಂದು ಕಾಕಾ, ಸೋವಿಯಾಗಿ ಸಿಕ್ತು' ಅನ್ನುತ್ತೀರಿ. ಆ ಉತ್ತರ ಕೇಳಿದಾಗಲೆಲ್ಲ ನನ್ನ ಕಣ್ಣು ಗೋಡೆಯ ಮೊಳೆಯ ಕಡೆ ಹೋಗುತ್ತದೆ.

ಆ ಮೊಳೆಯ ಕಥೆ ಹೇಳುತ್ತೇನೆ. ಬ್ಯಾಡಗಿ ರಸ್ತೆಯಲ್ಲಿ ನನ್ನ ಷಡ್ಡಕನ ಹೊಲ. ಗೋವಿನಜೋಳ ಎದೆಮಟ್ಟ ಬಂದಿತ್ತು, ಸುಳಿಯಲ್ಲಿ ಸೈನಿಕ ಹುಳು ಕೂತಿತ್ತು. 2018ರಲ್ಲಿ ಶಿವಮೊಗ್ಗದ ಕಡೆ ಮೊದಲ ಬಾರಿಗೆ ಗುರುತಿಸಿದ ಈ ಹುಳು ನಮ್ಮ ಜಿಲ್ಲೆಯ ಗೋವಿನಜೋಳದ ರೈತರನ್ನು ಎಷ್ಟು ಕಾಡಿದೆ ಅಂತ ನಿಮಗೆ ಹೇಳಬೇಕಿಲ್ಲ. ಬೆನ್ನಿಗೆ ಪಂಪು ಹಾಕಿಕೊಂಡು ಎದೆಮಟ್ಟದ ಜೋಳದೊಳಗೆ ನುಗ್ಗಿದರೆ ಎಣ್ಣೆ ಹುಳುವಿಗಿಂತ ಹೆಚ್ಚು ಮನುಷ್ಯನ ಮೈಮೇಲೇ ಬೀಳುತ್ತದೆ. ಹೀಗಾಗಿ ಡ್ರೋನ್ ಕರೆಸಿದರು. ನಾಲ್ಕು ತೋಳಿನದು, ಹತ್ತು ಲೀಟರಿನ ಟ್ಯಾಂಕು, ಯಾರೋ ಬಿಡಿಭಾಗ ತರಿಸಿ ಕಟ್ಟಿದ್ದು. ಆಷಾಢದ ಗಾಳಿ. ಟ್ಯಾಂಕು ತುಂಬಿಸಿಕೊಂಡು ಮೇಲೆದ್ದು, ಹೊಲದ ತುದಿ ಮುಟ್ಟಿ ತಿರುಗುವಾಗ ಒಂದು ತೋಳಿನಿಂದ ಚಟ್ ಎಂಬ ಸಪ್ಪಳ. ಗಾಳಿಪಟದ ಸೂತ್ರ ಹರಿದ ಹಾಗೆ ಮಗುಚಿಕೊಂಡು ಬದುವಿನ ಮೇಲೆ ಬಿತ್ತು. ನಾಲ್ಕು ತೋಳಿನ ಡ್ರೋನಿನಲ್ಲಿ ಒಂದು ಮೋಟಾರು ನಿಂತರೆ ಉಳಿದ ಮೂರಕ್ಕೆ ಅದನ್ನು ನೆಟ್ಟಗೆ ಹಿಡಿದಿಡಲು ಬರುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ.

ಅದು ಬಿದ್ದ ಜಾಗದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಐದು ಜನ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಎಣ್ಣೆಯ ವಾಸನೆ ಬರುತ್ತದೆ ಅಂತ ಎದ್ದು ಬೇವಿನ ಮರದ ಕಡೆ ಹೋಗಿದ್ದರು. ರೊಟ್ಟಿಯ ಚೂರು ಇನ್ನೂ ಬದುವಿನ ಮೇಲೆಯೇ ಇತ್ತು, ಅದರ ಮೇಲೆ ಮುರಿದ ಪ್ರೊಪೆಲ್ಲರು.

ಸುಟ್ಟ ಭಾಗವನ್ನು ನನ್ನ ಅಂಗಡಿಗೆ ತಂದು ಮೇಜಿನ ಮೇಲಿಟ್ಟು ಬಿಚ್ಚಿದೆ. ಮೇಲಿನ ಚೀಟಿಯಲ್ಲಿ 80 ಅಂತ ದೊಡ್ಡದಾಗಿ ಬರೆದಿತ್ತು. ಭೂತಗನ್ನಡಿ ಹಿಡಿದಾಗ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಇನ್ನೆರಡು ಮಾತು ಕಂಡವು: 80 ಆಂಪಿಯರು ಹತ್ತು ಸೆಕೆಂಡಿಗೆ ಮಾತ್ರ, ಎಡೆಬಿಡದೆ ಓಡಲು 40. ಒಳಗೆ ನೋಡಿದರೆ ಕರೆಂಟನ್ನು ಬಿಟ್ಟು ತಡೆಯುವ ಸ್ವಿಚ್ಚುಗಳು, ಮಾಸ್ಫೆಟ್ಟುಗಳು, 60 ವೋಲ್ಟಿನವು. ಬ್ಯಾಟರಿಯೋ 12 ಸೆಲ್ಲಿನದು, ಪೂರ್ತಿ ಚಾರ್ಜಾದಾಗ 50.4 ವೋಲ್ಟು. ಮಾಸ್ಫೆಟ್ಟಿನ ತಾಳಿಕೆಗೂ ಬ್ಯಾಟರಿಯ ಒತ್ತಡಕ್ಕೂ ನಡುವೆ ಹತ್ತು ವೋಲ್ಟಿನ ಅಂತರವೂ ಇರಲಿಲ್ಲ. ಬ್ಯಾಟರಿಯಿಂದ ಇಎಸ್‌ಸಿವರೆಗಿನ ವೈರನ್ನು ಯಾರೋ ಅರವತ್ತು ಸೆಂಟಿಮೀಟರ್ ಉದ್ದ ಮಾಡಿದ್ದರು. ಆ ಬೆಸುಗೆ ನೋಡಿದೆ. ಗುಂಡಗೆ, ನಯವಾಗಿ, ಒಂದೇ ಎಳೆತದಲ್ಲಿ ಹರಿದ ಸೋಲ್ಡರು. ನನ್ನ ಕೈಬರಹ ನನಗೆ ಗುರುತು ಸಿಗದೇ ಇದ್ದೀತೇ?

ಹೌದು, ಆ ವೈರನ್ನು ಉದ್ದ ಮಾಡಿಕೊಟ್ಟವನು ನಾನೇ. ಡ್ರೋನು ಬೀಳುವ ಎರಡು ತಿಂಗಳ ಮುಂಚೆ ಒಬ್ಬ ಹುಡುಗ ಬಂದು 'ಕಾಕಾ, ಇಎಸ್‌ಸಿ ತೋಳಿನ ತುದಿಗೆ ಒಯ್ಯಬೇಕು, ವೈರು ಸಾಲಲ್ಲ' ಅಂದಿದ್ದ. ಪಂಪ್‌ಸೆಟ್ಟಿಗೆ ನೂರು ಅಡಿ ಕೇಬಲ್ಲು ಎಳೆದವನು ನಾನು, ಅರವತ್ತು ಸೆಂಟಿಮೀಟರ್ ಯಾವ ಲೆಕ್ಕ ಅಂತ ಬೆಸೆದು ಕೊಟ್ಟೆ. ಕೇಳಬೇಕಾದ್ದನ್ನು ಕೇಳಲಿಲ್ಲ. ಆಮೇಲೆ ಹಾಗೆ ಆಗಬಾರದು ಅಂತ ಕೂತು ಕಲಿತೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಈ ಪೆಟ್ಟಿಗೆ ಏನು ಮಾಡುತ್ತದೆ ಅನ್ನುವುದು ಮನಸ್ಸಿಗೆ ಇಳಿಯಲಿ. ನಿಮ್ಮ ಅಪ್ಪನ ಹೊಲದ ಪಂಪಿಗೆ ಹೆಸ್ಕಾಂನವರು ಮೂರು ಫೇಸಿನ ಕರೆಂಟನ್ನು ಸೆಕೆಂಡಿಗೆ 50 ಆವರ್ತದಲ್ಲಿ ಕಳಿಸುತ್ತಾರೆ. ಮೋಟಾರಿನೊಳಗಿನ ಕಾಂತಕ್ಷೇತ್ರದ ತಿರುಗಾಟವನ್ನು ಆ ಆವರ್ತವೇ ನಡೆಸುತ್ತದೆ. ಡ್ರೋನಿನಲ್ಲಿ ಬ್ಯಾಟರಿ ಇದೆ, ಅದರಲ್ಲಿ ಫೇಸೂ ಇಲ್ಲ, ಆವರ್ತವೂ ಇಲ್ಲ. ಆ ನೇರ ಕರೆಂಟನ್ನು ಕತ್ತರಿಸಿ, ಮೂರು ವೈರಿಗೆ ಸರದಿಯಂತೆ ಹಂಚಿ, ಮೂರು ಫೇಸು ಮಾಡಿ ಕೊಡುವುದು ಇಎಸ್‌ಸಿ. ಅಂದರೆ ಒಂದೊಂದು ತೋಳಿಗೂ ಒಂದೊಂದು ಪುಟ್ಟ ವಿದ್ಯುತ್ ಕೇಂದ್ರ. 28 ಅಯಸ್ಕಾಂತದ ಮೋಟಾರು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇಎಸ್‌ಸಿ ಸೆಕೆಂಡಿಗೆ 700 ಆವರ್ತ ಹುಟ್ಟಿಸಬೇಕು. ಒಂದು ಆವರ್ತಕ್ಕೆ ಆರು ಹೆಜ್ಜೆ. ಸೆಕೆಂಡಿಗೆ 4200 ಸಲ ಒಂದು ಮಾಸ್ಫೆಟ್ಟು ಮುಚ್ಚಿ ಇನ್ನೊಂದು ತೆರೆಯಬೇಕು.

ಅಯಸ್ಕಾಂತ ಈಗ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುವ ಬಗೆ ಇನ್ನೂ ಚಂದ. ಮೂರು ವೈರಿನಲ್ಲಿ ಎರಡರಲ್ಲಿ ಕರೆಂಟು ಹರಿಯುವಾಗ ಮೂರನೆಯದು ಬಿಡುವಾಗಿರುತ್ತದೆ. ತಿರುಗುವ ಅಯಸ್ಕಾಂತ ಆ ಬಿಡುವಿನ ಸುರುಳಿಯಲ್ಲಿ ತಾನೇ ಒಂದಿಷ್ಟು ವೋಲ್ಟು ಹುಟ್ಟಿಸುತ್ತದೆ. ಅದು ಏರಿ ಇಳಿಯುವ ಗಳಿಗೆಯನ್ನು ಕೇಳಿಸಿಕೊಂಡು ಇಎಸ್‌ಸಿ ಮುಂದಿನ ಹೆಜ್ಜೆ ಇಡುತ್ತದೆ. ಡೊಳ್ಳು ಬಾರಿಸುವವರು ಎದುರಿನವನ ಪೆಟ್ಟು ಕೇಳಿ ತಮ್ಮ ಪೆಟ್ಟು ಹಾಕುವುದಿಲ್ಲವೇ, ಹಾಗೆ. ಥ್ರಾಟಲ್ಲನ್ನು ಒಮ್ಮೆಲೇ ಏರಿಸಿದಾಗ ಕೆಲವು ಇಎಸ್‌ಸಿಗಳು ತಾಳ ತಪ್ಪುತ್ತವೆ. ಮೋಟಾರು ಕರ್ ಕರ್ ಅಂದು ಮುಗ್ಗರಿಸುತ್ತದೆ, ಡ್ರೋನು ಮಗುಚುತ್ತದೆ. ಮೋಟಾರು ಬಿಚ್ಚಿದರೆ ಏನೂ ಕೆಟ್ಟಿರುವುದಿಲ್ಲ. 'ಮೋಟಾರು ಸರಿ ಇದೆಯಲ್ಲ ಕಾಕಾ, ಯಾಕೆ ಬಿತ್ತು?' ಅಂತ ನೀವು ತರುವ ಎಷ್ಟೋ ಮೋಟಾರುಗಳ ಗುಟ್ಟು ಇದೇ. ಭಾರದ ಅಯಸ್ಕಾಂತ, ದೊಡ್ಡ ಪ್ರೊಪೆಲ್ಲರು ಇರುವಲ್ಲಿ ಈ ಮೋಟಾರಿಗೆ ಈ ಇಎಸ್‌ಸಿ ಹೊಂದುತ್ತದೆ ಅಂತ ತಯಾರಕರೇ ಜೋಡಿ ಮಾಡಿ ಕೊಟ್ಟದ್ದನ್ನು ಕೊಳ್ಳಿ ಅಂತ ನಾನು ಗಂಟುಬಿದ್ದು ಹೇಳುವುದು ಇದಕ್ಕೇ.

ಈಗ ಆಯ್ಕೆಯ ಮಾತು. ಬ್ಯಾಡಗಿಯ ಎಪಿಎಂಸಿಯಲ್ಲಿ ಟೆಂಡರಿನ ದಿನ ನಿಂತು ನೋಡಿದ್ದೀರಲ್ಲ? ಚೀಲದ ಮೇಲೆ ಏನು ಬರೆದಿದೆ ಅಂತ ಓದಿ ಯಾವ ಖರೀದಿದಾರನೂ ದರ ಬರೆಯುವುದಿಲ್ಲ. ಚೀಲದ ನಡುವಿಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಕಾಯಿ ಮಡಚುತ್ತಾನೆ, ಹಸಿ ಇದೆಯೋ ನೋಡುತ್ತಾನೆ, ಬಣ್ಣ ನೋಡುತ್ತಾನೆ. 2011ರಲ್ಲಿ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಸಿಕ್ಕಿದ್ದು ಖಾರಕ್ಕಲ್ಲ, ಆ ಬಣ್ಣಕ್ಕೆ ಇರುವ ಹೆಸರಿಗೆ. ಇಷ್ಟು ಜಾಣತನದಿಂದ ಮೆಣಸಿನಕಾಯಿ ಕೊಳ್ಳುವ ಊರಿನ ಮಕ್ಕಳು ನೀವು, ಇಎಸ್‌ಸಿಯನ್ನು ಮಾತ್ರ ಚೀಟಿ ನೋಡಿ ಕೊಂಡರೆ ಹೇಗೆ?

ಕೈ ಹಾಕಿ ನೋಡುವ ಬಗೆ ಇದು. ಡ್ರೋನನ್ನು ಟ್ಯಾಂಕಿನ ತುಂಬ ನೀರು ಹಾಕಿ, ಬ್ಯಾಟರಿ ಸಮೇತ ಕಾಟಾದ ಮೇಲಿಡಿ. ಆ ಬಿದ್ದ ಡ್ರೋನನ್ನೇ ಲೆಕ್ಕ ಹಿಡಿಯೋಣ. ತುಂಬಿದಾಗ 24 ಕಿಲೋ. ನಾಲ್ಕು ತೋಳು, ತೋಳಿಗೆ 6 ಕಿಲೋ. ದೊಡ್ಡ ಪ್ರೊಪೆಲ್ಲರಿನ ಒಳ್ಳೆಯ ಮೋಟಾರು ಒಂದು ವ್ಯಾಟಿಗೆ ಸುಮಾರು ಒಂಬತ್ತು ಗ್ರಾಮು ಎತ್ತುತ್ತದೆ ಅಂದುಕೊಳ್ಳಿ. ನಿಮ್ಮ ಮೋಟಾರಿನ ಪಟ್ಟಿಯಲ್ಲಿ ನಿಖರವಾದ ಅಂಕಿ ಇರುತ್ತದೆ, ಅದನ್ನೇ ಹಿಡಿಯಿರಿ. ಆರು ಕಿಲೋ ಎತ್ತಿ ಸುಮ್ಮನೆ ನಿಲ್ಲಲು ಸುಮಾರು 670 ವ್ಯಾಟು, 44 ವೋಲ್ಟಿನಲ್ಲಿ 15 ಆಂಪಿಯರು. 40ರ ಇಎಸ್‌ಸಿಗೆ 15 ಅಂದರೆ ಸಲೀಸು ಅನಿಸುತ್ತದೆ. ಎರಡು ತಿಂಗಳು ಅದು ಹಾರಿದ್ದೂ ಈ ಧೈರ್ಯದ ಮೇಲೆಯೇ. ಆದರೆ ಗಾಳಿ ಒದ್ದಾಗ, ತಿರುವಿನಲ್ಲಿ, ಒಂದು ತೋಳು ತನ್ನ ಪಾಲಿನ ಎರಡರಷ್ಟು ಎತ್ತಬೇಕಾಗುತ್ತದೆ. ಎತ್ತುವ ಭಾರ ಎರಡರಷ್ಟಾದರೆ ಕರೆಂಟು ಎರಡರಷ್ಟಾಗುವುದಿಲ್ಲ, ಹತ್ತಿರ ಹತ್ತಿರ ಮೂರರಷ್ಟಾಗುತ್ತದೆ. 15 ಇದ್ದದ್ದು 43ಕ್ಕೆ ಬಂತು. 40ರ ಗಡಿ ದಾಟಿತು. ಇನ್ನು ಬಿಸಿಯ ಲೆಕ್ಕ ಇದಕ್ಕಿಂತ ಕಠೋರ: ಮಾಸ್ಫೆಟ್ಟಿನಲ್ಲಿ ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಮೋಟಾರು ಸುಡುವುದನ್ನು ದಿನಾ ನೋಡುವ ನನಗೆ ಇದು ಹೊಸದಲ್ಲ. ಓಡುವ ಕರೆಂಟಿನಲ್ಲಿ ಯಾವ ಪಂಪೂ ಸುಡುವುದಿಲ್ಲ, ಜಗ್ಗಾಡುವ ಕರೆಂಟಿನಲ್ಲಿ ಸುಡುತ್ತದೆ.

ಆದ್ದರಿಂದ ಚೀಟಿಯ ದೊಡ್ಡ ಅಂಕಿ ಬಿಟ್ಟುಬಿಡಿ, ಎಡೆಬಿಡದೆ ಓಡುವ ಅಂಕಿ ಕೇಳಿ. ಮೇಲಿನ ಲೆಕ್ಕದಲ್ಲಿ 43 ಬಂದರೆ, ಎಡೆಬಿಡದೆ 80 ತಾಳುವುದನ್ನು ಹಾಕಿ. ಏಪ್ರಿಲ್ಲಿನ ನಮ್ಮ ಬಿಸಿಲು 38–40 ಡಿಗ್ರಿ ಇರುತ್ತದೆ. ತಯಾರಕರು ಆ ಅಂಕಿ ಬರೆದದ್ದು ಚೆನ್ನಾಗಿ ಗಾಳಿ ಬೀಸುವ ಸ್ಥಿತಿಯಲ್ಲಿ, ಎರೆ ಹೊಲದ ಕಾವಿನಲ್ಲಲ್ಲ. ವೋಲ್ಟಿಗೂ ಇದೇ ಮಾತು. 12 ಸೆಲ್ಲಿನ ಬ್ಯಾಟರಿಗೆ 12 ಸೆಲ್ಲು ಅಂತ ಬರೆದದ್ದು ಸಾಕು ಅಂತ ಹಾಕಬೇಡಿ, ಒಳಗಿನ ಮಾಸ್ಫೆಟ್ಟು ಎಷ್ಟು ವೋಲ್ಟಿನದು ಅಂತ ಅಂಗಡಿಯವನನ್ನು ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ 14 ಸೆಲ್ಲು ತಾಳುವುದನ್ನು ತಗೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದರೂ ಸರಿ, ಹುಬ್ಬಳ್ಳಿಯಿಂದ ತಂದರೂ ಸರಿ, ನಾಲ್ಕೂ ಒಂದೇ ಕಂಪನಿಯವು, ಒಂದೇ ಮಾದರಿಯವು, ಒಳಗಿನ ತಂತ್ರಾಂಶವೂ ಒಂದೇ ಆಗಿರಲಿ. ಮೂರು ಹಳೆಯವು ಒಂದು ಬೇರೆಯದು ಅಂದರೆ ಮೂರು ಎತ್ತು ಒಂದು ಎಮ್ಮೆ ಕಟ್ಟಿ ಬಂಡಿ ಹೊಡೆದ ಹಾಗೆ.

ಆಟಿಕೆ ವಿಮಾನಕ್ಕೆ ಮಾಡಿದ ಇಎಸ್‌ಸಿಯನ್ನಂತೂ ಮುಟ್ಟಬೇಡಿ. ನಿಮ್ಮ ಫ್ಲೈಟ್ ಕಂಟ್ರೋಲರು ಸೆಕೆಂಡಿಗೆ 400 ಸಲ 'ಈ ತೋಳು ಸ್ವಲ್ಪ ಮೇಲೆ, ಆ ತೋಳು ಸ್ವಲ್ಪ ಕೆಳಗೆ' ಅನ್ನುತ್ತಿರುತ್ತದೆ. ವಿಮಾನದ ಹಳೆಯ ಇಎಸ್‌ಸಿ ಆ ಮಾತನ್ನು ಸೆಕೆಂಡಿಗೆ 50 ಸಲ ಮಾತ್ರ ಕೇಳಿಸಿಕೊಳ್ಳುತ್ತದೆ. ಅದಕ್ಕಿಂತ ಅಪಾಯದ್ದು ಇನ್ನೊಂದು: ಬ್ಯಾಟರಿ ಇಳಿದರೆ ಮೋಟಾರನ್ನು ತಾನೇ ನಿಲ್ಲಿಸುವ ಬುದ್ಧಿಯನ್ನು ಅದಕ್ಕೆ ಕಲಿಸಿರುತ್ತಾರೆ. ವಿಮಾನಕ್ಕೆ ರೆಕ್ಕೆ ಇದೆ, ಮೋಟಾರು ನಿಂತರೂ ತೇಲಿ ಇಳಿಯುತ್ತದೆ. ಡ್ರೋನಿಗೆ ಮೋಟಾರೇ ರೆಕ್ಕೆ. ನಿಮ್ಮ ಇಎಸ್‌ಸಿಯಲ್ಲಿ ಈ ಕಡಿತದ ವ್ಯವಸ್ಥೆ ಇದ್ದರೆ ಮರೆಯದೆ ಆಫ್ ಮಾಡಿ. ಬ್ಯಾಟರಿ ಇಳಿದದ್ದನ್ನು ಫ್ಲೈಟ್ ಕಂಟ್ರೋಲರು ಹೇಳಲಿ, ಇಳಿಸುವುದು ನಿಮ್ಮ ಕೈಯಲ್ಲಿರಲಿ.

ಕಾಲೇಜಿನ ಹುಡುಗರಿಗೆ ಒಂದು ಮಾತು. ಇಎಸ್‌ಸಿಗಳ ಒಳಗೆ ಓಡುವ ಬಿಎಲ್‌ಹೆಲಿ 32 ಎಂಬ ತಂತ್ರಾಂಶ 2024ರಲ್ಲಿ ನಿಂತುಹೋಯಿತು. ಇಎಸ್‌ಸಿಯ ತಂತ್ರಾಂಶದ ಮೇಲೆ ಪ್ರಾಜೆಕ್ಟು ಮಾಡುವುದಿದ್ದರೆ ಎಎಂ 32 ನೋಡಿ. ಅದರ ಒಳಗು ಎಲ್ಲರಿಗೂ ತೆರೆದಿದೆ, ಓದಿ ತಿದ್ದಬಹುದು. ಮಾರುಕಟ್ಟೆಯ ಪೆಟ್ಟಿಗೆ ತಂದು ಸಿಕ್ಕಿಸುವುದಕ್ಕಿಂತ ನಿಮ್ಮಲ್ಲೊಬ್ಬರು ಅದರ ಒಳಗು ಕಲಿತರೆ ಈ ಮುದುಕನಿಗೆ ತುಂಬ ಸಂತೋಷ.

ಇನ್ನು ಕೂರಿಸುವ ಕೆಲಸ. ನಾನು ತಪ್ಪಿದ್ದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಇಎಸ್‌ಸಿ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ ಅಂದೆನಲ್ಲ. ಉದ್ದದ ವೈರಿನಲ್ಲಿ ರಭಸದಿಂದ ಹರಿಯುವ ಕರೆಂಟನ್ನು ಥಟ್ಟನೆ ತಡೆದರೆ ಅದು ಸುಮ್ಮನೆ ನಿಲ್ಲುವುದಿಲ್ಲ. ಹೊಲದಲ್ಲಿ ಉದ್ದಕ್ಕೂ ಪೈಪು ಹಾಕಿ ನೀರು ಬಿಟ್ಟು ವಾಲ್ವನ್ನು ಒಮ್ಮೆಲೇ ಮುಚ್ಚಿ ನೋಡಿ, ಪೈಪು ಗಡ್ ಅಂತ ಒದೆಯುತ್ತದೆ. ಪೈಪು ಉದ್ದವಾದಷ್ಟೂ ಒದೆತ ಜೋರು. ವೈರಿನಲ್ಲೂ ಅದೇ ಒದೆತ, ವೋಲ್ಟಿನ ರೂಪದಲ್ಲಿ. 50 ವೋಲ್ಟಿನ ಬ್ಯಾಟರಿಯ ಮೇಲೆ ಈ ಒದೆತ ಸೇರಿ ಗಳಿಗೆ ಗಳಿಗೆಗೂ 60ರ ಗಡಿಗೆ ಬಡಿಯುತ್ತಿದ್ದರೆ ಮಾಸ್ಫೆಟ್ಟು ಎಷ್ಟು ದಿನ ತಾಳೀತು? ನಾನು ಬೆಸೆದ ಅರವತ್ತು ಸೆಂಟಿಮೀಟರ್ ಮಾಡಿದ್ದು ಇದನ್ನೇ. ಬಿಸಿಗೆ ಸೊರಗಿದ್ದ ಮಾಸ್ಫೆಟ್ಟನ್ನು ನನ್ನ ವೈರು ಒದ್ದು ಕೆಡವಿತು.

ಉದ್ದ ಬೇಕೇ ಬೇಕಾದರೆ ಇಎಸ್‌ಸಿಯಿಂದ ಮೋಟಾರಿಗೆ ಹೋಗುವ ಮೂರು ವೈರನ್ನು ಉದ್ದ ಮಾಡಿ, ಬ್ಯಾಟರಿಯ ಕಡೆಯದನ್ನು ಗಿಡ್ಡ ಇಡಿ. ಇಎಸ್‌ಸಿ ತೋಳಿನ ತುದಿಯಲ್ಲಿ, ಮೋಟಾರಿನ ಅಡಿಯಲ್ಲಿ, ಪ್ರೊಪೆಲ್ಲರಿನ ಗಾಳಿಗೆ ಇರಬೇಕು ಅಂದರೆ ಅದೂ ಒಳ್ಳೆಯದೇ, ತಂಪಾಗಿರುತ್ತದೆ. ಎಣ್ಣೆ ಹೊಡೆಯುವ ಡ್ರೋನುಗಳಿಗೆ ಮೋಟಾರು, ಇಎಸ್‌ಸಿ ಸೇರಿಸಿ ಒಂದೇ ಗಟ್ಟಿ ಮಾಡಿ ಕೊಡುವವು ಹಾಗೆಯೇ ಇರುತ್ತವೆ, ಉದ್ದದ ವೈರಿಗೆ ತಕ್ಕ ಕಂಡೆನ್ಸರನ್ನು ಒಳಗೇ ಇಟ್ಟಿರುತ್ತಾರೆ. ಬಿಡಿ ಇಎಸ್‌ಸಿಯನ್ನು ನೀವೇ ಒಯ್ದು ಕೂರಿಸುವುದಾದರೆ ಕಂಡೆನ್ಸರು ನೀವೇ ಹಾಕಬೇಕು. ಹೆಚ್ಚಿಸಿದ ಪ್ರತಿ 10 ಸೆಂಟಿಮೀಟರಿಗೆ 220 ಮೈಕ್ರೊಫ್ಯಾರಡ್ ಎಂಬುದು ಈ ಕೆಲಸದವರು ಇಟ್ಟುಕೊಂಡಿರುವ ಅಂದಾಜು. ನನ್ನ ಅರವತ್ತಕ್ಕೆ ಆರು ಬೇಕಿತ್ತು, ಒಂದೂ ಇರಲಿಲ್ಲ. ಹಾಕುವಾಗ ಒಳತಡೆ ಕಡಿಮೆ ಇರುವ ಜಾತಿಯದನ್ನು, 80–100 ವೋಲ್ಟಿನದನ್ನು, ಇಎಸ್‌ಸಿಯ ಕಾಲಬುಡದಲ್ಲೇ ಹಾಕಿ. ಬ್ಯಾಟರಿಯ ಹತ್ತಿರ ಹಾಕಿದರೆ ಪ್ರಯೋಜನವಿಲ್ಲ.

ಬೆಸುಗೆಯ ಬಗ್ಗೆ ಮಾತಾಡುವ ಹಕ್ಕು ನನಗಿದೆ. ದಪ್ಪ ವೈರಿಗೆ ಮೊಬೈಲು ರಿಪೇರಿಯ 25 ವ್ಯಾಟಿನ ಕಡ್ಡಿ ಹಿಡಿಯಬೇಡಿ, ತುದಿ ಬಿಸಿಯಾಗುವುದರೊಳಗೆ ತಾಮ್ರ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. 60–80 ವ್ಯಾಟಾದರೂ ಬೇಕು. ವೈರಿನ ಎಳೆಗಳನ್ನು ಹೊಸೆದು, ಮೊದಲು ಅದಕ್ಕೇ ಸೋಲ್ಡರು ಕುಡಿಸಿ, ಆಮೇಲೆ ಎದುರಿನ ತುದಿಗೂ ಕುಡಿಸಿ, ಎರಡನ್ನೂ ಕೂಡಿಸಿ ಬಿಸಿ ಮಾಡಿ. ಸೋಲ್ಡರು ಎಳೆಗಳ ನಡುವೆ ನೀರಿನ ಹಾಗೆ ಹರಿದು ಹೊಳೆಯಬೇಕು. ಮಾಸಲು ಬೂದಿ ಬಣ್ಣದ ಉಂಡೆಯಾಗಿ ಮೇಲೆ ಕೂತರೆ ಅದು ಹಿಡಿದಿಲ್ಲ, ಅಲ್ಲಿ ತಡೆ ಇದೆ, ತಡೆ ಇದ್ದಲ್ಲಿ ಬಿಸಿ ಇದೆ, ಆ ಬಿಸಿಗೆ ಸೋಲ್ಡರೇ ಕರಗಿ ವೈರು ಹಾರುವಾಗಲೇ ಕಳಚುತ್ತದೆ. ನಮ್ಮ ಹಾವೇರಿಯ ಏಲಕ್ಕಿ ಮಾಲೆ ಪೋಣಿಸುವ ಕೈಗಳನ್ನು ನೋಡಿ. ಒಂದೊಂದು ಏಲಕ್ಕಿಯನ್ನೂ ತಿರುಗಿಸಿ, ಮಗ್ಗುಲು ನೋಡಿ, ಕೂರಿಸುತ್ತಾರೆ. ಅಷ್ಟು ವ್ಯವಧಾನ ಒಂದು ಬೆಸುಗೆಗೆ ಕೊಡಿ. ಆಮೇಲೆ ಹೀಟ್ ಶ್ರಿಂಕ್ ಸ್ಲೀವು ಹಾಕಿ. ಕರೆಂಟಿನ ಕಪ್ಪು ಟೇಪು ಬೇಡ, ಬಿಸಿಲಿಗೆ ಅದರ ಅಂಟು ಇಳಿದು ಸುರುಳಿ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಟೈ ಬಿಗಿಯುವಾಗ ಕಂಡೆನ್ಸರಿನ ಮೇಲಾಗಲಿ ಮಾಸ್ಫೆಟ್ಟಿನ ಮೇಲಾಗಲಿ ಬಿಗಿಯಬೇಡಿ. ಸಿಗ್ನಲ್ ವೈರನ್ನು ಅದರ ನೆಲದ ವೈರಿನ ಜೊತೆ ಹೆಣೆದು, ದಪ್ಪ ವೈರಿನಿಂದ ದೂರ ಒಯ್ಯಿರಿ.

ಮೊದಲ ಸಲ ಬ್ಯಾಟರಿ ಕೊಡುವ ಗಳಿಗೆ ಇದೆಯಲ್ಲ, ಆಗ ನನ್ನ ಅಂಗಡಿಯ ಹಳೆಯ ವಿದ್ಯೆ ಬಳಸಿ: ಸೀರೀಸ್ ಬಲ್ಬು. ಲಾರಿಯ 24 ವೋಲ್ಟಿನ ಬಲ್ಬು ಎರಡನ್ನು ಒಂದರ ಹಿಂದೊಂದು ಕಟ್ಟಿ, ಬ್ಯಾಟರಿಯ ಪ್ಲಸ್ ವೈರಿನ ನಡುವೆ ಕೂರಿಸಿ. ಎಲ್ಲ ಸರಿ ಇದ್ದರೆ ಬಲ್ಬು ಒಮ್ಮೆ ಮಿಂಚಿ ಆರುತ್ತದೆ, ಅಂದರೆ ಕಂಡೆನ್ಸರು ತುಂಬಿತು ಅಂತ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಅಥವಾ ಪ್ಲಸ್ ಮೈನಸ್ ಅದಲುಬದಲಾಗಿದೆ. ಬಲ್ಬು ಇಲ್ಲದೆ ನೇರ ಕೊಟ್ಟಿದ್ದರೆ ಇಎಸ್‌ಸಿ ಹೊಗೆಯಾಗುತ್ತಿತ್ತು. ಇಪ್ಪತ್ತು ಮೂವತ್ತು ರೂಪಾಯಿಯ ಬಲ್ಬು ಸಾವಿರಾರು ರೂಪಾಯಿ ಉಳಿಸುತ್ತದೆ.

ಮೋಟಾರು ಉಲ್ಟಾ ತಿರುಗಿದರೆ ಗಾಬರಿಯಾಗಬೇಡಿ. ಪಂಪು ಉಲ್ಟಾ ತಿರುಗಿದಾಗ ನಿಮ್ಮ ಅಪ್ಪ ಏನು ಮಾಡುತ್ತಿದ್ದರು? ಎರಡು ಫೇಸು ಅದಲುಬದಲು. ಇಲ್ಲೂ ಅಷ್ಟೇ, ಮೂರರಲ್ಲಿ ಯಾವುದಾದರೂ ಎರಡು ವೈರು ಬದಲಿಸಿ. ಥ್ರಾಟಲ್ಲಿನ ಮೇಲ್ತುದಿ ಕೆಳತುದಿ ಎಲ್ಲಿದೆ ಅಂತ ಇಎಸ್‌ಸಿಗಳಿಗೆ ಕಲಿಸುವ ಕೆಲಸವನ್ನು ಎಲ್ಲಕ್ಕೂ ಒಟ್ಟಿಗೇ ಮಾಡಿ, ಇಲ್ಲದಿದ್ದರೆ ಒಂದು ಮೊದಲು ತಿರುಗುತ್ತದೆ, ಇನ್ನೊಂದು ಆಮೇಲೆ. ಕಾರ್ಖಾನೆಯಲ್ಲೇ ಇದನ್ನು ಹೊಂದಿಸಿ ಕಳಿಸಿದವಕ್ಕೆ ಇದು ಬೇಕಿಲ್ಲ, ಕೈಪಿಡಿ ನೋಡಿ. ಈ ಎಲ್ಲ ಕೆಲಸ ಮಾಡುವಾಗ ಪ್ರೊಪೆಲ್ಲರು ಬಿಚ್ಚಿಟ್ಟಿರಬೇಕು. ಥ್ರಾಟಲ್ ಕಲಿಸುವಾಗ ಮೋಟಾರು ಪೂರಾ ವೇಗಕ್ಕೆ ಏಳುವ ಸಂಭವ ಇರುತ್ತದೆ. ಮೂವತ್ತು ಇಂಚಿನ ಕಾರ್ಬನ್ ಪ್ರೊಪೆಲ್ಲರು ಬೆರಳಿಗೂ ಕಬ್ಬಿಗೂ ಭೇದ ಮಾಡುವುದಿಲ್ಲ.

ಆಮೇಲೆ ಹೊಲಕ್ಕೆ ಒಯ್ಯಿರಿ. ಟ್ಯಾಂಕಿಗೆ ಎಣ್ಣೆ ಬೇಡ, ನೀರು. ಯಾರೂ ಇಲ್ಲದ ಕಡೆ ನಾಲ್ಕು ನಿಮಿಷ ತಲೆಮಟ್ಟದಲ್ಲಿ ನಿಲ್ಲಿಸಿ, ಇಳಿಸಿ, ಬ್ಯಾಟರಿ ಕಳಚಿ, ಒಂದೊಂದು ಇಎಸ್‌ಸಿಯ ಬೆನ್ನಿಗೂ ಬೆರಳಿಡಿ. ನಾಲ್ಕೂ ಒಂದೇ ಹದದ ಬೆಚ್ಚಗಿದ್ದರೆ ಒಳ್ಳೆಯದು. ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಆ ತೋಳು ಏನೋ ಹೇಳುತ್ತಿದೆ: ಮೋಟಾರು ಓರೆ ಕೂತಿರಬಹುದು, ಬೇರಿಂಗು ಹಿಡಿದಿರಬಹುದು, ಬೆಸುಗೆ ಹಿಡಿದಿರಲಿಕ್ಕಿಲ್ಲ. ಮೂರು ಎಣಿಸುವಷ್ಟು ಹೊತ್ತು ಬೆರಳಿಡಲು ಆಗದಿದ್ದರೆ ಅವತ್ತು ಹಾರಿಸಬೇಡಿ. ಬಿದ್ದ ಡ್ರೋನಿನ ಆ ಇಎಸ್‌ಸಿಯನ್ನು ಎರಡು ತಿಂಗಳಲ್ಲಿ ಒಬ್ಬರಾದರೂ ಒಮ್ಮೆ ಮುಟ್ಟಿ ನೋಡಿದ್ದರೆ ಅದು ತಾನೇ ಹೇಳುತ್ತಿತ್ತು.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಶತ್ರು ಇದೆ. ಮೆಣಸಿನ ಗಿಡಕ್ಕೆ ನೀವು ಹೊಡೆಯುವ ಕಾಪರ್ ಆಕ್ಸಿಕ್ಲೋರೈಡು, ಗಂಧಕ, ಎಲೆಯ ಮೇಲೆ ಸಿಂಪಡಿಸುವ ಗೊಬ್ಬರದ ಉಪ್ಪು, ಎಲ್ಲವೂ ಪ್ರೊಪೆಲ್ಲರಿನ ಗಾಳಿಗೆ ಎದ್ದು ಇಎಸ್‌ಸಿಯ ಸಂದಿಗೆ ಹೋಗಿ ಕೂರುತ್ತವೆ. ಒಣಗಿದ್ದಾಗ ಬರೀ ಧೂಳು, ತೇವ ಹತ್ತಿದರೆ ಕರೆಂಟು ಹರಿಯುವ ದಾರಿ. ನನ್ನ ಮೇಜಿನ ಮೇಲಿನ ಆ ಸುಟ್ಟ ಬೋರ್ಡಿನ ಅಂಚಿಗೆ ಹಸಿರು ಕಿಲುಬು ಹಿಡಿದಿತ್ತು, ದೇವರ ಮನೆಯ ಹಳೆಯ ತಂಬಿಗೆಗೆ ಹಿಡಿದ ಹಾಗೆ. ದಿನದ ಕೊನೆಗೆ ಟ್ಯಾಂಕು ತೊಳೆಯುವ ನೀವು, ಒದ್ದೆ ಬಟ್ಟೆ ಹಿಂಡಿ ಇಎಸ್‌ಸಿಗಳನ್ನೂ ಒರೆಸಿ. ತೆರೆದ ಬೋರ್ಡಿಗೆ ತೇವ ತಡೆಯುವ ಲೇಪ ಬಳಿಯಿರಿ, ನಾವು ವೈಂಡಿಂಗಿಗೆ ವಾರ್ನಿಶ್ಶು ಕುಡಿಸುವುದು ಇದಕ್ಕೇ ಅಲ್ಲವೇ?

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ ಎಣ್ಣೆ ಹೊಡೆಯುವಷ್ಟು ಭಾರದ ಡ್ರೋನಿಗೆ ಟೈಪ್ ಸರ್ಟಿಫಿಕೇಟು ಬೇಕು, ಅದರದೇ ನಂಬರು ಬೇಕು, ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟು ಬೇಕು. ಆ ಬಿದ್ದ ಡ್ರೋನಿಗೆ ಇದ್ಯಾವುದೂ ಇರಲಿಲ್ಲ. ಕೈಯಾರೆ ಕಟ್ಟಿ ಕಲಿಯುವುದನ್ನು ಬೇಡ ಅನ್ನುವವನು ನಾನಲ್ಲ, ನಾನೇ ಹಾಗೆ ಕಲಿತವನು. ಆದರೆ ಕಲಿಯುವುದಕ್ಕೆ ಕಟ್ಟಿದ್ದನ್ನು ಬಾಡಿಗೆಗೆ, ಜನರಿರುವ ಹೊಲಕ್ಕೆ ಒಯ್ಯಬೇಡಿ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಬೇಕು ಅಂತ ಇತ್ತು. ಆ ತಂಗಿಯರ ಡ್ರೋನು ಕೆಟ್ಟಾಗ ಹತ್ತಿರದ ರಿಪೇರಿಯವರು ಅಂತ ನಿಮ್ಮ ಹತ್ತಿರವೇ ತರುತ್ತಾರೆ. ಆಗ ಸರ್ಟಿಫಿಕೇಟು ಇರುವ ಡ್ರೋನಿಗೆ ಅದೇ ಕಂಪನಿ ಹೇಳಿದ ಅದೇ ಇಎಸ್‌ಸಿ ಹಾಕಿ. 'ಇದೂ ಎಂಬತ್ತರದೇ ಅಕ್ಕಾ, ನಡೀತದ' ಅಂತ ಸೋವಿಯದನ್ನು ತುರುಕಬೇಡಿ. ಬಿಡಿಭಾಗ ಬರಲು ಹದಿನೈದು ದಿನ ಆಗುತ್ತದೆ ಅಂದರೆ ಹದಿನೈದು ದಿನ ಕಾಯಲು ಹೇಳಿ. ಹುಳು ತಿಂದ ಬೆಳೆ ಮುಂದಿನ ವರ್ಷ ಮತ್ತೆ ಬರುತ್ತದೆ, ಹೋದ ಜೀವ ಬರುವುದಿಲ್ಲ.

ಆ ಐದು ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ನಮ್ಮ ಅಂಗಡಿಯ ಹಿಂದಿನ ಓಣಿಯವಳೇ. ದಿನಾ ಬೆಳಗ್ಗೆ ಟಂಟಂ ಹತ್ತಿ ಕೂಲಿಗೆ ಹೋಗುತ್ತಾಳೆ. ನನ್ನನ್ನು ನೋಡಿದರೆ 'ಆರಾಮ ಅದೀರಿ ಅಣ್ಣಾರ?' ಅಂತ ಕೇಳುತ್ತಾಳೆ. ಆ ವೈರು ಬೆಸೆದವನು ನಾನು ಅಂತ ಅವಳಿಗೆ ಗೊತ್ತಿರಲಿಲ್ಲ. ಹೋದ ವಾರ ಕರೆದು ಹೇಳಿದೆ. ಮೊಳೆಗೆ ನೇತುಹಾಕಿದ್ದನ್ನು ಇಳಿಸಿ ಅವಳ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, 'ಇಷ್ಟ ಸಣ್ಣದೇನ್ರಿ ಇದು?' ಅಂದಳು.

ಮಳೆಗಾಲ ಬಂತು, ಎಣ್ಣೆ ಹೊಡೆಯುವ ಕೆಲಸ ಶುರುವಾಗುತ್ತದೆ. ಅದಕ್ಕೆ ಮುಂಚೆ ನಿಮ್ಮ ಡ್ರೋನು ಹೊತ್ತು ಅಂಗಡಿಗೆ ಬನ್ನಿ. ಕಾಟಾ ಇದೆ, ದಪ್ಪ ಕಡ್ಡಿಯ ಸೋಲ್ಡರಿಂಗ್ ಐರನ್ನು ಇದೆ, ಎರಡು ಲಾರಿ ಬಲ್ಬು ಮೇಜಿನ ಎಡಗಡೆ ಕಟ್ಟಿಟ್ಟಿದ್ದೇನೆ. ನೋಡುವುದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಬರುವಾಗ ಪ್ರೊಪೆಲ್ಲರು ಬಿಚ್ಚಿಟ್ಟು ಬನ್ನಿ.

ನಿಮ್ಮ,
ವೈಂಡಿಂಗ್ ಅಂಗಡಿಯ ಕಾಕಾ
ರಾಣೆಬೆನ್ನೂರು